ಸಹಾಯ ಬೇಕು: ಮೂರನೆಯ ವರ್ಷವೂ ದಪ್ಪವಾಗದ ಆಸ್ಪರಾಗಸ್ ಚಿಗುರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬದಿಯಡ್ಕದ ಸಮೀಪ, ಮುರಕಲ್ಲಿನ ಗುಡ್ಡದ ತಪ್ಪಲಿನಲ್ಲಿದೆ. ಬೀಜದಿಂದ ಎಬ್ಬಿಸಿದ ಆಸ್ಪರಾಗಸ್ ಗಿಡಗಳಿಗೆ (ನಮ್ಮ ಕಾಡಿನ ಶತಾವರಿಯಲ್ಲ, ಅದೇ ಕುಲದ, ಚಿಗುರನ್ನು ತರಕಾರಿಯಾಗಿ ತಿನ್ನುವ ಜಾತಿ) ಈಗ ಮೂರನೆಯ ವರ್ಷ. ಬೇರು ಬಲಿಯಲೆಂದು ಮೊದಲ 2 ವರ್ಷ ಒಂದು ಚಿಗುರನ್ನೂ ಕೊಯ್ಯಲಿಲ್ಲ. ಮೊದಲ ಆಟಿಯ ಮಳೆಗೆ ನೀರು ನಿಂತು 11 ಗಿಡಗಳಲ್ಲಿ 4 ಬುಡ ಕೊಳೆತು ಹೋದ ಮೇಲೆ, ಉಳಿದವನ್ನು ಒಂದೂವರೆ ಅಡಿ ಎತ್ತರದ ಏರಿಯಲ್ಲಿ ನೆಟ್ಟು, ನಮ್ಮ ಹುಳಿಮಣ್ಣಿಗೆ ಸುಣ್ಣ ಬೆರೆಸಿ, ಹಟ್ಟಿಗೊಬ್ಬರವನ್ನೂ ಸುಡುಮಣ್ಣನ್ನೂ ಕೊಟ್ಟೆ. ಗಿಡಗಳು ಎದೆಯೆತ್ತರಕ್ಕೆ ಬೆಳೆದು ಹಸುರಾಗಿವೆ. ಆದರೆ ಬುಡದಲ್ಲಿ ಮೂಡುವ ಚಿಗುರು ಹಿಡಿಸೂಡಿಯ ಕಡ್ಡಿಗಿಂತ ತುಸುವೇ ದಪ್ಪವಿದ್ದು, ಗೇಣುದ್ದವಾಗುವ ಮೊದಲೇ ತುದಿ ಬಿಚ್ಚಿಕೊಂಡು ನಾರಾಗುತ್ತದೆ. ಮನೆಯವರು ಅದನ್ನು ದೇವರ ಹೂವಿನ ಜತೆ ಕಟ್ಟಲಡ್ಡಿಯಿಲ್ಲ ಎನ್ನುತ್ತಾರೆ.

ಚಳಿ ದೇಶಗಳಲ್ಲಿ ಈ ಗಿಡ ಚಳಿಗಾಲದಲ್ಲಿ ಒಣಗಿ, ವಿಶ್ರಾಂತಿ ಪಡೆದು, ವಸಂತದಲ್ಲಿ ದಪ್ಪ ಚಿಗುರು ಕೊಡುತ್ತದೆ. ಇಲ್ಲಿ ಅದಕ್ಕೆ ಬಿಡುವೇ ಇಲ್ಲ. ಕುಂಭ ಮಾಸದಲ್ಲಿ ನೀರು ನಿಲ್ಲಿಸಿ, ಒಣಗಿದ ದಂಟುಗಳನ್ನೆಲ್ಲ ಬುಡಕ್ಕೆ ಕತ್ತರಿಸಿ ವಿಶ್ರಾಂತಿ ಕೊಡುವುದೊಂದು ದಾರಿ. ಪ್ರತಿ ಬುಡದಲ್ಲಿ ಮೂರು–ನಾಲ್ಕು ತಾಯಿದಂಟುಗಳನ್ನು ಉಳಿಸಿ, ಹೊಸ ಚಿಗುರನ್ನು ಮಾತ್ರ ಕೊಯ್ಯುತ್ತಿರುವುದು ಇನ್ನೊಂದು. ಕರಾವಳಿಯ ಮಣ್ಣಿನಲ್ಲಿ ಇದನ್ನು ಬೆಳೆಸಿದವರು ಯಾವುದನ್ನು ಅನುಸರಿಸಿದ್ದೀರಿ, ಮತ್ತು ಇಷ್ಟು ತೆಳ್ಳಗಿರುವಾಗ ಈ ವರ್ಷವೂ ಕೊಯ್ಯದೆ ಬಿಡಬೇಕೇ?