ಪೇಲ್ ಏಲ್‌ಗೆ ಬೆಣ್ಣೆ ವಾಸನೆ ಬಂದಿದೆ, ಕಾಯಬೇಕಾ ಚೆಲ್ಲಬೇಕಾ?

ನೊರೆಬುರುಗು:
ಮನೆಯಲ್ಲೇ ಮಾಡಿದ ಪೇಲ್ ಏಲ್ ಬಿಯರ್. ಹುದುಗುವಾಗ ಬಿಸಿ 20 ಡಿಗ್ರಿ ದಾಟದ ಹಾಗೆ ನೋಡಿಕೊಂಡಿದ್ದೆ. ಗ್ಯಾಸ್ ಹೊರಗೆ ಬಿಡುವ ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತ ಮೇಲೆ ಹಾಪ್ಸ್ (ಪರಿಮಳ, ಕಹಿ ಕೊಡುವ ಹೂವು) ಹಾಕಿ, ಬೇಗ ತಿಳಿಯಾಗಲಿ ಅಂತ ಹುದುಗಿಸುವ ಪಾತ್ರೆಯನ್ನು (ಫರ್ಮೆಂಟರ್) ಫ್ರಿಜ್‌ಗೆ ಇಟ್ಟೆ. ಈಗ ಬಾಟ್ಲಿಗೆ ತುಂಬುವ ಮುಂಚೆ ಒಂದಿಷ್ಟು ಲೋಟಕ್ಕೆ ಬಗ್ಗಿಸಿದರೆ ಪಾಪ್‌ಕಾರ್ನ್ ಬೆಣ್ಣೆಯದೇ ವಾಸನೆ. ನಾಲಿಗೆ ಮೇಲೆ ಜಿಡ್ಡು ಜಿಡ್ಡು. ಹುಳಿ ಇಲ್ಲ, ಮೇಲೆ ಪೊರೆ ಕಟ್ಟಿಲ್ಲ. ಬಾಟ್ಲಿಯಲ್ಲಿ ಬಿಟ್ಟರೆ ಹೋಗುತ್ತದಾ, ಇಲ್ಲ ಸಿಂಕ್‌ಗೆ ಸುರಿದುಬಿಡಲಾ?

ಮಾಲ್ಟುಮೂಟೆ:
ಸುರಿಯಬೇಡಿ ಮಾರಾಯ್ರೇ! ಅದು ಡಯಾಸಿಟೈಲ್. ಯೀಸ್ಟ್ ಹುದುಗಿಸುವಾಗ ಹೊರಗೆ ಬಿಡುವ ಒಂದು ವಸ್ತು ಬಿಯರ್‌ನಲ್ಲಿ ತಾನಾಗೇ ಡಯಾಸಿಟೈಲ್ ಆಗುತ್ತದೆ, ಆಮೇಲೆ ಅದೇ ಯೀಸ್ಟ್ ಅದನ್ನು ವಾಪಸ್ ಎಳೆದುಕೊಂಡು ವಾಸನೆ ಇಲ್ಲದ ಹಾಗೆ ಮಾಡುತ್ತದೆ. ಈ ಕೊನೆ ಕೆಲಸ ಮುಗಿಯುವ ಮುಂಚೆ ತಣ್ಣಗಾದರೆ ಯೀಸ್ಟ್ ಸುಮ್ನೆ ತಳಕ್ಕೆ ಹೋಗಿ ಕೂತುಬಿಡುತ್ತದೆ. ಹೊರಗೆ ತೆಗೆದು 20-21 ಡಿಗ್ರಿಗೆ ತನ್ನಿ. ಮುಚ್ಚಳ ತೆಗೆಯದೆ ಮೆಲ್ಲಗೆ ಅಲ್ಲಾಡಿಸಿ, ತಳದ ಯೀಸ್ಟ್ ಸ್ವಲ್ಪ ಮೇಲೆದ್ದರೆ ಸಾಕು. ಮೂರ್ನಾಲ್ಕು ದಿನ ಬಿಡಿ. ಕುಲುಕಿ ಗಾಳಿ ಸೇರಿಸಿದರೆ ಬೆಣ್ಣೆ ಹೋಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ, ಅದಕ್ಕೆ ಮದ್ದಿಲ್ಲ.

ಇನ್ನೊಂದು, ಗುಳ್ಳೆ ನಂಬಬೇಡಿ. ಮುಚ್ಚಳ ಲೀಕ್ ಆದರೂ ಗುಳ್ಳೆ ನಿಲ್ಲುತ್ತದೆ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದೆ ಅಲ್ವಾ?

ಮೂಗುದಾರ:
ಹೋಯಿತೋ ಇಲ್ಲವೋ ಅಂತ ಊಹೆ ಮಾಡುವ ಬದಲು ಹೀಗೆ ಪರೀಕ್ಷೆ ಮಾಡಿ. ಎರಡು ಗಾಜಿನ ಲೋಟಕ್ಕೆ ಸ್ವಲ್ಪ ಸ್ವಲ್ಪ ಬಿಯರ್ ಹಾಕಿ ಫಾಯಿಲ್ ಮುಚ್ಚಿ. ಒಂದನ್ನು 60-70 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ, ಇನ್ನೊಂದು ಹೊರಗೇ ಇರಲಿ. ಬಿಸಿ ಮಾಡಿದ್ದು ಪೂರ್ತಿ ಆರಲಿ, ಎರಡೂ ಒಂದೇ ತಂಪಿಗೆ ಬಂದ ಮೇಲೆ ಫಾಯಿಲ್ ಸರಿಸಿ ಮೂಸಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಇನ್ನೂ ಆಗಬೇಕಾದ ಡಯಾಸಿಟೈಲ್ ಒಳಗೆ ಅಡಗಿದೆ ಅಂತ ಅರ್ಥ. ಈಗ ಸರಿ ಇದೆ ಅನ್ನಿಸಿದರೂ ಬಾಟ್ಲಿಯಲ್ಲಿ ಮತ್ತೆ ತಲೆ ಎತ್ತಬಹುದು. ಎರಡರಲ್ಲೂ ಬರದಿದ್ದರೆ ಧೈರ್ಯವಾಗಿ ತುಂಬಿ. ನಿಮ್ಮದರಲ್ಲಿ ಈಗಲೇ ವಾಸನೆ ಇದೆ, ಹಾಗಾಗಿ ಬೆಚ್ಚಗೆ ಇಟ್ಟು ತೆಗೆದ ಮೇಲೆ ಇದನ್ನು ಮಾಡಿ. ಇನ್ನೊಬ್ಬರಿಗೂ ಮೂಸಲು ಕೊಡಿ, ಕೆಲವರ ಮೂಗಿಗೆ ಈ ವಾಸನೆ ತಿಳಿಯುವುದೇ ಇಲ್ಲ.

ಕಹಿಗುಟುಕು:
ಎಲ್ಲರೂ ಯೀಸ್ಟ್ ಅಂತಿದ್ದೀರಿ, ಪೀಡಿಯೋಕಾಕಸ್ ಬ್ಯಾಕ್ಟೀರಿಯಾ ಸೇರಿದರೂ ಇದೇ ಬೆಣ್ಣೆ ಬರುತ್ತದೆ ಗುರು. ಬೆಚ್ಚಗಿಟ್ಟರೂ ಕಮ್ಮಿ ಆಗದೆ ಹುಳಿ ಶುರುವಾದರೆ, ಲೋಳೆಯಂತೆ ಎಳೆ ಎಳೆ ಬಂದರೆ, ಬಾಟ್ಲಿ ಮುಟ್ಟಬೇಡಿ. ಜೊತೆಗೆ ಬೇರೆ ಸೂಕ್ಷ್ಮಜೀವಿಗಳೂ ಸೇರಿದ್ದರೆ ಅವು ಉಳಿದ ಸಕ್ಕರೆ ತಿಂದು ಗ್ಯಾಸ್ ಜಾಸ್ತಿಯಾಗಿ ಗಾಜು ಸಿಡಿದೀತು. ಪ್ಲಾಸ್ಟಿಕ್ ಪೈಪು, ನಲ್ಲಿ ಎಲ್ಲಾ ಬದಲಾಯಿಸಿ, ಗೀರು ಬಿದ್ದ ಕಡೆ ಸ್ಯಾನಿಟೈಸರ್ ಹೋಗುವುದಿಲ್ಲ.

ಕಾಯ್ದರೆ ಎಲ್ಲಾ ವಾಸನೆ ಹೋಗುತ್ತದೆ ಅನ್ನುವುದು ಸುಳ್ಳು. ಹಸಿ ಸೇಬಿನ ವಾಸನೆ ಹೋಗುತ್ತದೆ. ನೀರಿನ ಕ್ಲೋರಿನ್‌ನಿಂದ ಬರುವ ಬ್ಯಾಂಡೇಜ್ ವಾಸನೆ ಏನು ಮಾಡಿದರೂ ಹೋಗುವುದಿಲ್ಲ.

ನೊರೆಬುರುಗು:
ಥ್ಯಾಂಕ್ಸ್. ಹೊರಗೆ ತೆಗೆದಿಟ್ಟು ಎರಡು ದಿನ ಆಯಿತು, ವಾಸನೆ ಇಳಿಯುತ್ತಿದೆ, ಹುಳಿ ಇಲ್ಲ. ಆದರೆ ಹಾಪ್ಸ್ ಹಾಕುವ ಮುಂಚೆ ಗ್ರಾವಿಟಿ (ಸಾಂದ್ರತೆ, ಸಕ್ಕರೆ ಹುದುಗಿದಂತೆ ಇಳಿಯುತ್ತದೆ) 1.012ರಲ್ಲಿ ನಿಂತಿತ್ತು, ಈಗ 1.010 ತೋರಿಸುತ್ತಿದೆ. ಇದೇನು?

ಮಾಲ್ಟುಮೂಟೆ:
ಓ, ಹಾಗಾದರೆ ಗುಟ್ಟು ಹಾಪ್ಸ್‌ನಲ್ಲೇ ಇದೆ. ಹಾಪ್ಸ್‌ನಲ್ಲಿರುವ ಕಿಣ್ವಗಳು ಯೀಸ್ಟ್‌ಗೆ ತಿನ್ನಲಾಗದೆ ಉಳಿದ ಡೆಕ್ಸ್ಟ್ರಿನ್ ಒಡೆದು ಸಕ್ಕರೆ ಮಾಡುತ್ತವೆ, ಮುಗಿದ ಹುದುಗು ಮತ್ತೆ ಶುರುವಾಗಿ ಡಯಾಸಿಟೈಲೂ ಹೊಸದಾಗಿ ಹುಟ್ಟುತ್ತದೆ. ಇದಕ್ಕೆ ಹಾಪ್ ಕ್ರೀಪ್ ಅಂತಾರೆ. ಬಾಟ್ಲಿಯೊಳಗೆ ಈ ಎರಡು ಪಾಯಿಂಟ್ (0.002) ಇಳಿದಿದ್ದರೆ ಸುಮಾರು ಒಂದು ವಾಲ್ಯೂಮ್, ಅಂದರೆ ಬಿಯರ್‌ನಷ್ಟೇ ಗಾತ್ರದ ಗ್ಯಾಸ್ ಜಾಸ್ತಿ ಆಗುತ್ತಿತ್ತು, ಬಚಾವಾದಿರಿ. ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ, ರೀಡಿಂಗ್ ಕದಲದಿದ್ದರೆ ಮೂಗುದಾರ ಹೇಳಿದ ಲೋಟದ ಪರೀಕ್ಷೆ ಮಾಡಿ, ಆಮೇಲೆ ಫ್ರಿಜ್. ಗ್ಯಾಸ್ ಬರಲಿ ಅಂತ ಬಾಟ್ಲಿಗೆ ಹಾಕುವ ಸಕ್ಕರೆ ಈಗಲೇ ತೂಗಿಡಬೇಡಿ.