ಮರಳಿ ಬಂದ ವೀರನನ್ನೇ ಕಡಿದರೆ?

ಪ್ರಶ್ನೆ:
ವೀರ ಮನೆ ಬಿಡುತ್ತಾನೆ, ಗೆಲ್ಲುತ್ತಾನೆ, ಊರಿಗೆ ವರ ತರುತ್ತಾನೆ. ಲೋಕದ ಪುರಾಣಗಳಲ್ಲೆಲ್ಲ ಇದೇ ದಾರಿ ಅಂತ ಅಮೆರಿಕದ ಪುರಾಣ ವಿದ್ವಾಂಸ ಜೋಸೆಫ್ ಕ್ಯಾಂಬೆಲ್ 1949ರಲ್ಲಿ ಬರೆದರು. ಹಾಗಾದರೆ ನಮ್ಮ ಕಾಸರಗೋಡಿನ ಕಡೆಯ ನೀಲೇಶ್ವರದ ಪಾಲಂತಾಯಿ ಕಣ್ಣನ್ ಕಥೆ? ಮಾವಿನಹಣ್ಣಿನ ಜಗಳಕ್ಕೆ ಮಂಗಳೂರಿಗೆ ಓಡಿದ. ಅಲ್ಲಿ ಅಜ್ಜಿಯೊಬ್ಬಳು ಸಾಕಿದಳು, ನರಸಿಂಹನ ಭಕ್ತನಾದ. ಮರಳಿ ಬಂದು ಕೆರೆಗೆ ಇಳಿದಾಗಲೇ, ಅದೇ ಜಗಳದ ಜಮೀನ್ದಾರ ಕುರುಪ್ ಅವನನ್ನು ಕಡಿದ.

ಉತ್ತರ 1:
ಕಥೆ ಅಲ್ಲಿಗೇ ಮುಗಿಯಲಿಲ್ಲ, ಅಲ್ವಾ? ಕೊಂದವನೇ ಹೆದರಿ ವಿಷ್ಣುಮೂರ್ತಿ ತೆಯ್ಯಂ, ಅಂದರೆ ವೇಷ ಕಟ್ಟಿ ಕುಣಿಯುವ ನರಸಿಂಹನ ದೈವ, ಕಟ್ಟಿಸಿದ. ವರ ಬಂತು, ಸತ್ತ ಮೇಲೆ.

ಉತ್ತರ 2:
ತುಳುನಾಡಿನ ಅವಳಿ ವೀರರು ಕೋಟಿ ಚೆನ್ನಯರೂ ಹಾಗೇ. ಪಡುಮಲೆ ಬಿಟ್ಟರು, ಎಣ್ಮೂರಲ್ಲಿ ಸತ್ತರು, ಗರಡಿ ಅನ್ನೋ ಗುಡಿಗಳಲ್ಲಿ ದೈವಗಳಾಗಿ ನಿಂತರು.

ಪ್ರಶ್ನೆ ಕೇಳಿದವ:
ಹೌದು. ಎಳೆ ತೆಂಗಿನಗರಿ ಉಟ್ಟ ಒತ್ತೆಕೋಲ, ಅಂದರೆ ಅದೇ ವಿಷ್ಣುಮೂರ್ತಿ, ಕೆಂಡಕ್ಕೆ ಹಾರಿದಾಗ ನನ್ನ ಪಕ್ಕದ ಅಜ್ಜಿ ಮೆಲ್ಲಗೆ "ಕಣ್ಣಾ" ಅಂದಿದ್ದರು.