ಮೊದಲ ಫ್ರೀಲಾನ್ಸ್ ಕೆಲಸ: ಲೋಗೋ, ಕಾರ್ಡು, ಐದು ಪುಟದ ವೆಬ್‌ಸೈಟ್. ದರ ಹೇಳುವುದು ಹೇಗೆ, ಏನೇನು ಬರೆದುಕೊಳ್ಳಬೇಕು?

ಬಿಳಿಹಾಳೆ:

ಎಲ್ಲರಿಗೂ ನಮಸ್ಕಾರ. ಫಿಗ್ಮಾ, ಇಲ್ಲಸ್ಟ್ರೇಟರ್ ಎಂಬ ವಿನ್ಯಾಸದ ತಂತ್ರಾಂಶಗಳೆರಡೂ ಕೈಗೆ ಕೂತಿವೆ. ವರ್ಡ್‌ಪ್ರೆಸ್‌ನಲ್ಲಿ ಸೈಟ್ ಕಟ್ಟಲು ಬರುತ್ತದೆ. ಹೊಸದಾಗಿ ಶುರುವಾಗುತ್ತಿರುವ ಸಣ್ಣ ಸಂಸ್ಥೆಯೊಂದು ಲೋಗೋ, ವಿಸಿಟಿಂಗ್ ಕಾರ್ಡು, ಐದು ಪುಟದ ವೆಬ್‌ಸೈಟ್ ಸೇರಿ ಎಷ್ಟಾಗುತ್ತದೆ ಎಂದು ಕೇಳಿದೆ. ಗಂಟೆಗೆ ಇಷ್ಟು ಅನ್ನಬೇಕೋ, ಇಡೀ ಕೆಲಸಕ್ಕೆ ಇಷ್ಟು ಅನ್ನಬೇಕೋ? ಮೊತ್ತವನ್ನು ಯಾವ ಲೆಕ್ಕದ ಮೇಲೆ ಹೇಳಬೇಕು? ಮೊದಲೇ ಬರಹದಲ್ಲಿ ಏನೇನು ಇರಬೇಕು, ಕೊನೆಗೆ ಯಾವ ಫೈಲ್‌ಗಳನ್ನು ಕೊಡಬೇಕು? ದಯವಿಟ್ಟು ವಿವರವಾಗಿ ತಿಳಿಸಿ.

ಲೆಕ್ಕದಪಟ್ಟಿ:

ದರದ ಲೆಕ್ಕ ವರ್ಷದಿಂದ ಶುರುವಾಗಬೇಕು. 52 ವಾರಗಳಲ್ಲಿ ರಜೆ, ಹುಷಾರಿಲ್ಲದ ದಿನ, ಕೆಲಸ ಸಿಗದ ದಿನ ಎಂದು 6 ವಾರ ಕಳೆಯಿರಿ. ಉಳಿದದ್ದು 46 ವಾರ, ವಾರಕ್ಕೆ 5 ದಿನದಂತೆ 230 ದಿನ. ದಿನಕ್ಕೆ 8 ಗಂಟೆ ಕೂತರೂ ಗಿರಾಕಿಯ ಲೆಕ್ಕಕ್ಕೆ ಬರುವುದು ನಾಲ್ಕೂವರೆ ಗಂಟೆ. ಮಿಕ್ಕಿದ್ದು ಮೇಲ್, ಕೊಟೇಶನ್, ಬಿಲ್ಲು, ಹೊಸ ಕೆಲಸ ಹುಡುಕುವುದು, ಕಲಿಯುವುದು ಇವಕ್ಕೇ ಹೋಗುತ್ತದೆ. ಅಂದರೆ ವರ್ಷಕ್ಕೆ ಸುಮಾರು 1000 ಗಂಟೆ ಮಾತ್ರ ದುಡ್ಡಾಗುತ್ತದೆ. ಮನೆ ಖರ್ಚು, ಸಾಫ್ಟ್‌ವೇರ್ ಚಂದಾ, ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕಾದ ಕಂಪ್ಯೂಟರ್, ತೆರಿಗೆ, ಉಳಿತಾಯ ಎಲ್ಲ ಕೂಡಿಸಿ 1000ದಿಂದ ಭಾಗಿಸಿ. ಬಂದದ್ದು ನಿಮ್ಮ ಗಂಟೆಯ ದರ.

ಬಹಳ ಮಂದಿ ನೌಕರಿಯ ತಿಂಗಳ ಸಂಬಳವನ್ನು 160 ಗಂಟೆಯಿಂದ ಭಾಗಿಸಿ ದರ ಕಟ್ಟುತ್ತಾರೆ. ಆ ಲೆಕ್ಕದಲ್ಲಿ ವರ್ಷಕ್ಕೆ 1920 ಗಂಟೆ ಮಾರಾಟವಾಗಬೇಕು, ಅದು ಆಗುವುದಿಲ್ಲ. ಆದ್ದರಿಂದಲೇ ಕೈ ತುಂಬ ಕೆಲಸವಿದ್ದರೂ ಕೈಗೆ ಬರುವುದು ಅರ್ಧ ಸಂಬಳ.

ಈಗ ಈ ಕೆಲಸ. ಲೋಗೋಗೆ: ಮಾತುಕತೆ ಮತ್ತು ಅಧ್ಯಯನ 4 ಗಂಟೆ, ಪೆನ್ಸಿಲ್ ಕರಡು 6, ಮೂರು ಆಯ್ಕೆಗಳನ್ನು ತಿದ್ದಿ ತೀಡುವುದು 8, ಬದಲಾವಣೆ 5, ಫೈಲ್ ತಯಾರಿ 3. ಒಟ್ಟು 26. ಕಾರ್ಡಿಗೆ 4. ಸೈಟಿಗೆ: ಪುಟಗಳ ರಚನೆ 4, ವೈರ್‌ಫ್ರೇಮ್ (ಪುಟದಲ್ಲಿ ಯಾವುದು ಎಲ್ಲಿ ಎಂದು ತೋರಿಸುವ ಗೆರೆನಕ್ಷೆ) 6, ಮುಖಪುಟದ ವಿನ್ಯಾಸ 10, ಉಳಿದ ಪುಟಗಳು 10, ಕಟ್ಟುವುದು 24, ಬರಹ ಮತ್ತು ಚಿತ್ರ ತುಂಬುವುದು 8, ಪರೀಕ್ಷೆ 6, ಬಿಡುಗಡೆ ಮತ್ತು ಗಿರಾಕಿಗೆ ಬಳಕೆ ಹೇಳಿಕೊಡುವುದು 4. ಒಟ್ಟು 72. ಎಲ್ಲ ಸೇರಿ 102. ಇದರ ಮೇಲೆ ಕಾಲುಭಾಗದಷ್ಟು ಸೇರಿಸಿ, 125 ಗಂಟೆಯ ಆಸುಪಾಸಿಗೆ ದರ ಹಾಕಿ. ಮೊದಲ ಕೆಲಸಗಳಲ್ಲಿ ಅಂದಾಜು ಯಾವಾಗಲೂ ಕಡಿಮೆ ಬೀಳುತ್ತದೆ.

ಗಿರಾಕಿಗೆ ಹೇಳುವಾಗ ಇಡೀ ಕೆಲಸದ ಮೊತ್ತವನ್ನೇ ಹೇಳಿ. ಗಂಟೆಯ ಲೆಕ್ಕ ನಿಮ್ಮ ಹತ್ತಿರ ಇರಲಿ. ಗಂಟೆ ದರ ಹೊಂದುವುದು ಅಂಚು ಗೊತ್ತಿಲ್ಲದ ಕೆಲಸಕ್ಕೆ: ಸೈಟ್ ಬಿಡುಗಡೆಯಾದ ಮೇಲಿನ ಸಣ್ಣಪುಟ್ಟ ರಿಪೇರಿ, ಇನ್ಯಾರೋ ಕಟ್ಟಿದ ಸೈಟನ್ನು ಸರಿಪಡಿಸುವುದು, ಇಂಥವಕ್ಕೆ. ಹಣದ ಕಂತು: ಶುರುವಿಗೆ ಮುಂಚೆ 40%, ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕಾಗ 30%, ಸೈಟ್ ಪರೀಕ್ಷಾ ವಿಳಾಸದಲ್ಲಿ ಕಾಣುವಂತಾದಾಗ 20%, ಅಂತಿಮ ಫೈಲ್ ಕೊಡುವ ಮುಂಚೆ 10%. ಕೊನೆಯ ಕಂತನ್ನು ‘ಬಿಡುಗಡೆಯಾದ ಮೇಲೆ’ ಎಂದು ಬರೆಯಲೇಬೇಡಿ. ಅವರು ಬರಹ ಕಳಿಸದೆ ಆರು ತಿಂಗಳು ಕೂತರೆ ಬಿಡುಗಡೆಯೇ ಇಲ್ಲ, ನಿಮ್ಮ ಹಣವೂ ಇಲ್ಲ. ಅದರ ಗಡುವು ‘ಬಿಡುಗಡೆಯ ದಿನ, ಅಥವಾ ವಿನ್ಯಾಸ ಒಪ್ಪಿದ 30ನೇ ದಿನ, ಯಾವುದು ಮೊದಲೋ ಅದು’ ಎಂದಿರಲಿ.

ಹೆಚ್ಚಾಯಿತು ಅಂದರೆ ದರ ಇಳಿಸಬೇಡಿ, ಕೆಲಸ ಇಳಿಸಿ. ಐದು ಪುಟ ಮೂರಾಗಲಿ, ಲೋಗೋ ಆಯ್ಕೆ ಮೂರರ ಬದಲು ಎರಡಾಗಲಿ.

ಅಂಚುಗೆರೆ:

ಲೆಕ್ಕದಪಟ್ಟಿ ಅವರ ಗಂಟೆಗಳು ನಿಲ್ಲಬೇಕಾದರೆ ಕೆಲಸದ ಎಲ್ಲೆ ಬರಹದಲ್ಲಿ ಇರಬೇಕು. ‘ಐದು ಪುಟ’ ಎಂಬ ಮಾತು ಸಾಲದು. ಆ ಐದರ ಹೆಸರು ಬರೆಯಿರಿ: ಮುಖಪುಟ, ನಮ್ಮ ಬಗ್ಗೆ, ಸೇವೆಗಳು, ಗ್ಯಾಲರಿ, ಸಂಪರ್ಕ. ಬ್ಲಾಗ್ ಇದೆಯೋ ಇಲ್ಲವೋ, ಸೈಟ್ ಒಂದು ಭಾಷೆಯಲ್ಲೋ ಎರಡರಲ್ಲೋ ಎಂಬುದೂ ಅಲ್ಲೇ ಬರಲಿ. ಎರಡು ಭಾಷೆ ಅಂದರೆ ಬರಹ ತುಂಬುವ, ಪರೀಕ್ಷಿಸುವ ಕೆಲಸ ಎರಡರಷ್ಟು. ಜೊತೆಗೆ ಉದ್ದದ ಪದಗಳು ಬಟನ್ನಿನಲ್ಲಿ, ಮೆನುವಿನಲ್ಲಿ ಹಿಡಿಯದೆ ವಿನ್ಯಾಸವನ್ನೇ ಮತ್ತೆ ಮುಟ್ಟಬೇಕಾಗುತ್ತದೆ.

ಸಣ್ಣ ಸೈಟುಗಳು ಹೆಚ್ಚಾಗಿ ಸಿಕ್ಕಿಬೀಳುವುದು ಬರಹ ಬಾರದೆ. ಬರಹ, ಫೋಟೋ ಯಾರ ಹೊಣೆ, ಯಾವ ದಿನಾಂಕದೊಳಗೆ, ಎಷ್ಟು ಚಿತ್ರ ಎಂದು ಬರೆಯಿರಿ. ಬರಹ ಕೈಗೆ ಬರುವ ತನಕ ಪುಟ ಕಟ್ಟಲು ಕೂರಬೇಡಿ. ಅರ್ಥವಿಲ್ಲದ ತುಂಬುಬರಹ ಹಾಕಿ ಮಾಡಿದ ವಿನ್ಯಾಸದಲ್ಲಿ ಮೂರು ಸಾಲು ಇರಬೇಕಾದ ಕಡೆ ಮೂರು ಪ್ಯಾರಾ ಬಂದು ಕೂರುತ್ತದೆ.

ತಿದ್ದುಪಡಿ ಎರಡು ಸುತ್ತು ಅನ್ನುವುದು ವಾಡಿಕೆ. ಆದರೆ ಒಂದು ಸುತ್ತು ಅಂದರೇನು ಎಂದು ಬಿಡಿಸಿ ಹೇಳದಿದ್ದರೆ ಆ ಸಾಲು ಕೆಲಸಕ್ಕೆ ಬಾರದು. ಅವರ ಕಡೆಯ ಎಲ್ಲರ ಅಭಿಪ್ರಾಯವನ್ನೂ ಒಬ್ಬರೇ ಕೂಡಿಸಿ, ಒಂದೇ ಪಟ್ಟಿಯಾಗಿ, 5 ಕೆಲಸದ ದಿನಗಳೊಳಗೆ ಕಳಿಸುವುದು ಒಂದು ಸುತ್ತು. ಆ ಒಬ್ಬರ ಹೆಸರು ಕರಾರಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಎಲ್ಲ ಮುಗಿದ ಮೇಲೆ ಅಲ್ಲಿಯವರೆಗೆ ಕಾಣದ ಪಾಲುದಾರರೊಬ್ಬರು ಬಂದು ಬಣ್ಣವೇ ಬೇಡ ಅನ್ನುತ್ತಾರೆ. ಹಾಗೆಯೇ ತಿದ್ದುಪಡಿ ಬೇರೆ, ದಿಕ್ಕು ಬದಲಿಸುವುದು ಬೇರೆ. ಒಪ್ಪಿದ ಲೋಗೋದಲ್ಲಿ ಗೆರೆ ದಪ್ಪ ಮಾಡುವುದು ತಿದ್ದುಪಡಿ. ಒಪ್ಪಿದ್ದನ್ನು ಬಿಟ್ಟು ಹೊಸ ಚಿಹ್ನೆ ಕೇಳಿದರೆ ಹೊಸ ದರ.

ದರದಲ್ಲಿ ಸೇರದವನ್ನೂ ಹೆಸರಿಸಿ: ಡೊಮೇನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ), ಫಾಂಟ್ ಪರವಾನಗಿ, ಸ್ಟಾಕ್ ಫೋಟೋ, ಮುದ್ರಣದ ಖರ್ಚು, ಬರವಣಿಗೆ, ಟ್ರೇಡ್‌ಮಾರ್ಕ್ ನೋಂದಣಿ. ಹಕ್ಕಿನ ಬಗ್ಗೆ ಎರಡು ಸಾಲು ಸಾಕು. ಆಯ್ಕೆಯಾದ ಲೋಗೋದ ಹಕ್ಕು ಪೂರ್ತಿ ಹಣ ಸಂದ ದಿನ ಅವರದಾಗುತ್ತದೆ, ಬಿಟ್ಟ ಆಯ್ಕೆಗಳು ನಿಮ್ಮವಾಗಿಯೇ ಉಳಿಯುತ್ತವೆ. ಪೋರ್ಟ್‌ಫೋಲಿಯೋದಲ್ಲಿ, ಅಂದರೆ ನಿಮ್ಮ ಕೆಲಸದ ಮಾದರಿಗಳ ಸಂಗ್ರಹದಲ್ಲಿ, ತೋರಿಸುವ ಅನುಮತಿಯನ್ನೂ ಇಲ್ಲೇ ಕೇಳಿಬಿಡಿ, ಆಮೇಲೆ ಕೇಳುವುದು ಮುಜುಗರ. ಫೋನಿನಲ್ಲಿ ಆದ ಪ್ರತಿ ಮಾತನ್ನೂ ಅದೇ ದಿನ ಮೇಲ್‌ನಲ್ಲಿ ಬರೆದು ಕಳಿಸಿ.

ಸೀಸದಕಡ್ಡಿ:

ಮುದ್ರಣದ ಕಡೆಯಿಂದ ಒಂದಿಷ್ಟು. ಲೋಗೋವನ್ನು ಕಪ್ಪು-ಬಿಳುಪಿನಲ್ಲೇ ಮುಗಿಸಿ, ಬಣ್ಣ ಆಮೇಲೆ. 16 ಪಿಕ್ಸೆಲ್‌ಗೆ ಇಳಿಸಿ ನೋಡಿ; ಬ್ರೌಸರ್ ಟ್ಯಾಬಿನಲ್ಲಿ ಅಷ್ಟೇ ಜಾಗ. ಅಲ್ಲಿ ಗುರುತು ಸಿಗದಿದ್ದರೆ ಸರಳವಾದ ಇನ್ನೊಂದು ರೂಪ ಬೇಕು. ಕೊಡಬೇಕಾದ ಫೈಲ್: ಎಷ್ಟು ಹಿಗ್ಗಿಸಿದರೂ ಮಸುಕಾಗದ ವೆಕ್ಟರ್ ಬಗೆಯ ಎಸ್‌ವಿಜಿ ಮತ್ತು ಪಿಡಿಎಫ್, ಜೊತೆಗೆ ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರ. ಪ್ರತಿಯೊಂದೂ ಪೂರ್ಣ ಬಣ್ಣ, ಒಂದೇ ಬಣ್ಣ, ಕಡು ಹಿನ್ನೆಲೆಗೆ ಬಿಳಿ ಹೀಗೆ ಮೂರು ರೂಪದಲ್ಲಿ. ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿ, ಕೊಡಿ. ತಿದ್ದಬಹುದಾದ ಪ್ರತಿ ನಿಮ್ಮ ಹತ್ತಿರ ಇರಲಿ.

ಕಾರ್ಡಿಗೆ ಕೈ ಹಾಕುವ ಮುಂಚೆ ಪ್ರೆಸ್ಸಿನವರಿಂದ ಅಳತೆ, ಕಾಗದ, ಬೇಕಾದ ಪಿಡಿಎಫ್ ಬಗೆ ಕೇಳಿಕೊಳ್ಳಿ. ಸಾಮಾನ್ಯವಾಗಿ ನಾಲ್ಕೂ ಬದಿಗೆ 3 ಮಿಮೀ ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚುವ ಹಿನ್ನೆಲೆ), ಅಕ್ಷರಗಳು ಕತ್ತರಿಸುವ ಗೆರೆಯಿಂದ 4 ಮಿಮೀ ಒಳಗೆ, ಚಿತ್ರ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್). ಕತ್ತರಿಸುವಾಗ ಕಟ್ಟು ಚೂರು ಸರಿದೇ ಸರಿಯುತ್ತದೆ. ಬ್ಲೀಡ್ ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಎಳೆ ಬೀಳುತ್ತದೆ. ಅಂಚಿನ ಸುತ್ತ ತೆಳು ಚೌಕಟ್ಟು ಹಾಕಿದ್ದರೆ ಒಂದು ಬದಿ ಸಪೂರ, ಇನ್ನೊಂದು ದಪ್ಪ ಕಾಣುತ್ತದೆ. ಹೊಸಬರು ಆ ಚೌಕಟ್ಟನ್ನೇ ಕೈಬಿಡುವುದು ಕ್ಷೇಮ.

ಸಣ್ಣ ಅಕ್ಷರದ ಕಪ್ಪು ಬರೀ 100% ಕೆ, ಅಂದರೆ ಕಪ್ಪು ಶಾಯಿ ಒಂದೇ ಆಗಿರಲಿ. ಆರ್‌ಜಿಬಿ (ಪರದೆಯ ಬಣ್ಣಕ್ರಮ) ಕಪ್ಪನ್ನು ಮುದ್ರಣದ ಬಣ್ಣಕ್ರಮವಾದ ಸಿಎಂವೈಕೆಗೆ ತಿರುಗಿಸಿದರೆ ಅದು ನಾಲ್ಕು ಶಾಯಿಗಳಿಗೆ ಹಂಚಿಹೋಗುತ್ತದೆ. ಶಾಯಿಗೊಂದರಂತೆ ಇರುವ ನಾಲ್ಕು ಪ್ಲೇಟು ಕೂದಲೆಳೆಯಷ್ಟು ತಪ್ಪಿದರೂ ಫೋನ್ ನಂಬರಿನ ಸುತ್ತ ಬಣ್ಣದ ನೆರಳು. ನುಣುಪು ಕಾಗದದಲ್ಲಿ ನಾಲ್ಕೂ ಶಾಯಿಗಳ ಶೇಕಡಾ ಕೂಡಿಸಿದ ಒಟ್ಟು 300% ಸುತ್ತಮುತ್ತ ನಿಲ್ಲಲಿ. ಮೀರಿದರೆ ಬೇಗ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಬಿಳಿ ಅಕ್ಷರಕ್ಕೆ ಓವರ್‌ಪ್ರಿಂಟ್ (ಕೆಳಗಿನ ಬಣ್ಣ ಬಿಡಿಸದೆ ಅದರ ಮೇಲೆಯೇ ಮುದ್ರಿಸು ಎಂಬ) ಗುರುತು ಉಳಿದಿದೆಯೇ ನೋಡಿ. ಉಳಿದಿದ್ದರೆ ಪರದೆಯ ಮೇಲೆ ಕಾಣುವ ಹೆಸರು ಮುದ್ರಣದಲ್ಲಿ ಮಾಯವಾಗುತ್ತದೆ, ಏಕೆಂದರೆ ಬಿಳಿಗೆ ಶಾಯಿಯೇ ಇಲ್ಲ. ಪಿಡಿಎಫ್ ತಂತ್ರಾಂಶ ಅಕ್ರೋಬ್ಯಾಟ್ ಪ್ರೊದಲ್ಲಿ ಔಟ್‌ಪುಟ್ ಪ್ರಿವ್ಯೂ ತೆರೆದು ಒಂದೊಂದೇ ಪ್ಲೇಟ್ ಆರಿಸಿ ನೋಡಿದರೆ ಇವೆಲ್ಲ ಸಿಕ್ಕಿಬೀಳುತ್ತವೆ.

ಫಾಂಟ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಡೆಸ್ಕ್‌ಟಾಪ್ ಪರವಾನಗಿ ಇದ್ದ ಮಾತ್ರಕ್ಕೆ ವೆಬ್‌ನಲ್ಲಿ ಬಳಸುವ ಹಕ್ಕು ಬರುವುದಿಲ್ಲ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿ ಇರುವ ಫಾಂಟ್ ಆದರೆ ಎರಡಕ್ಕೂ ನಡೆಯುತ್ತದೆ.

ಬಿಳಿಹಾಳೆ:

ತುಂಬ ಉಪಕಾರವಾಯಿತು. ಎರಡು ಮಾತು ಉಳಿದಿವೆ. ಡೊಮೇನ್, ಹೋಸ್ಟಿಂಗ್ ನೀವೇ ಕೊಂಡುಬಿಡಿ ಅನ್ನುತ್ತಿದ್ದಾರೆ. ಜೊತೆಗೆ ಎರಡು ಲೋಗೋ ಮಾಡಿ ತೋರಿಸಿ, ಹಿಡಿಸಿದರೆ ಕೆಲಸ ಕೊಡುತ್ತೇವೆ ಎನ್ನುತ್ತಾರೆ. ಪೋರ್ಟ್‌ಫೋಲಿಯೋದಲ್ಲಿ ಇರುವುದು ಅಭ್ಯಾಸದ ಕೆಲಸ ಮಾತ್ರ.

ತಂತಿಜಾಲ:

ಡೊಮೇನ್ ಅವರ ಹೆಸರಿನಲ್ಲಿ, ಅವರ ಮೇಲ್ ವಿಳಾಸದಲ್ಲಿ, ಅವರ ಕಾರ್ಡಿನಿಂದಲೇ ಕೊಳ್ಳಬೇಕು. ಬೇಕಾದರೆ ಪಕ್ಕದಲ್ಲಿ ಕೂತು ತೋರಿಸಿಕೊಡಿ. ನಿಮ್ಮ ಹೆಸರಿನಲ್ಲಿದ್ದರೆ ನವೀಕರಣ ತಪ್ಪಿದ ದಿನ ಸೈಟೂ ಇಮೇಲೂ ಒಟ್ಟಿಗೆ ನಿಲ್ಲುತ್ತವೆ, ಹೊಣೆ ನಿಮ್ಮದು.

ಅವರಿಗೆ ಈಗಾಗಲೇ ಆ ಡೊಮೇನಿನ ಮೇಲ್ ಇದ್ದರೆ ನೇಮ್‌ಸರ್ವರ್ (ಡೊಮೇನಿನ ದಾಖಲೆಗಳೆಲ್ಲ ಇರುವ ಸರ್ವರ್) ಬದಲಿಸಬೇಡಿ. ಹೊಸ ಕಡೆ, ಮೇಲ್ ಎಲ್ಲಿಗೆ ಹೋಗಬೇಕು ಎಂದು ಹೇಳುವ ಎಂಎಕ್ಸ್ ದಾಖಲೆ ಇಲ್ಲದೆ ಬರುವ ಮೇಲ್ ಎಲ್ಲ ನಿಂತುಹೋಗುತ್ತದೆ. ಸೈಟ್ ಯಾವ ಸರ್ವರಿನಲ್ಲಿದೆ ಎಂದು ಹೇಳುವ ‘ಎ’ ದಾಖಲೆ ಒಂದನ್ನೇ ಹೊಸ ಸರ್ವರಿಗೆ ತಿರುಗಿಸಿ. ಒಂದು ದಿನ ಮುಂಚೆ ಟಿಟಿಎಲ್ (ಹಳೆಯ ದಾಖಲೆಯನ್ನು ಬೇರೆ ಸರ್ವರುಗಳು ನೆನಪಿಟ್ಟುಕೊಳ್ಳುವ ಹೊತ್ತು) 300 ಸೆಕೆಂಡಿಗೆ ಇಳಿಸಿದ್ದರೆ ಎಡವಟ್ಟಾದಾಗ ಬೇಗ ಹಿಂದಕ್ಕೆ ಬರಬಹುದು. ಮುಟ್ಟುವ ಮುಂಚೆ ಈ ದಾಖಲೆಗಳಿರುವ ಡಿಎನ್‌ಎಸ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ.

ಬಿಡುಗಡೆ ದಿನ ನೋಡಬೇಕಾದವು: ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್‌ನಲ್ಲಿ ಹುಡುಕಾಟ ಯಂತ್ರಗಳನ್ನು ತಡೆಯುವ ಗುರುತು ತೆಗೆದಿರಾ? ಸಂಪರ್ಕ ಫಾರ್ಮ್ ಕಳಿಸಿದ ಮೇಲ್ ನಿಜಕ್ಕೂ ತಲುಪಿತೇ? ಫೋನಿನಿಂದ ಬಂದ 4-5 ಎಂಬಿ ಫೋಟೋ ಹಾಗೆಯೇ ಏರಿದೆಯೇ? ಅಗಲ 1920 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ತಂದರೆ ಸಾಮಾನ್ಯವಾಗಿ 200-300 ಕೆಬಿಗೆ ಬರುತ್ತದೆ. ಪುಟ ತೆರೆದಾಗ ಕಾಣುವ ಅತಿ ದೊಡ್ಡ ಚಿತ್ರ ಅಥವಾ ಬರಹ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು. ಚಿತ್ರಗಳಿಗೆ ಅಗಲ-ಎತ್ತರ ಬರೆಯದಿದ್ದರೆ ಓದುತ್ತಿರುವಾಗಲೇ ಸಾಲುಗಳು ಕೆಳಕ್ಕೆ ಜಿಗಿಯುತ್ತವೆ. ಬಿಳಿಯ ಮೇಲಿನ ಬೂದು ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ-ಕಡು ಅಂತರ) ಬೇಕು: #767676 ಸಂಕೇತದ ಬೂದು ಪಾಸಾಗುತ್ತದೆ, #999999 ಆಗುವುದಿಲ್ಲ. ಫಾರ್ಮಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಐಫೋನಿನಲ್ಲಿ ಮುಟ್ಟಿದೊಡನೆ ಪುಟ ಹಿಗ್ಗುತ್ತದೆ.

ಅಂಚುಗೆರೆ:

ಎರಡು ಲೋಗೋ ಪುಕ್ಕಟೆ ಮಾಡಬೇಡಿ. ಲೋಗೋದ ನಿಜವಾದ ದುಡಿಮೆ ಇರುವುದೇ ಆ ಮೊದಲ 18 ಗಂಟೆಗಳಲ್ಲಿ, ಮತ್ತು ಅವರ ಕೆಲಸ ಅರಿಯದೆ ಬಿಡಿಸಿದ್ದು ಊಹೆ ಮಾತ್ರ. ಬದಲಿಗೆ ಮೊದಲ ಹಂತವನ್ನು ಮಾತ್ರ ಬೇರೆ ಮಾಡಿ ಸಣ್ಣ ದರಕ್ಕೆ ಕೊಡಿ: ಮಾತುಕತೆ, ಬೇಡಿಕೆ ಪಟ್ಟಿ, ಪೆನ್ಸಿಲ್ ಕರಡು. ಅವರು ಮುಂದುವರಿದರೆ ಆ ಹಣವನ್ನು ಒಟ್ಟು ಮೊತ್ತದಲ್ಲಿ ಕಳೆಯಿರಿ. ನಿಲ್ಲಿಸಿದರೆ ಲೆಕ್ಕ ಅಲ್ಲಿಗೇ ಚುಕ್ತಾ.

ಅಭ್ಯಾಸದ ಕೆಲಸ ಖಂಡಿತ ತೋರಿಸಬಹುದು, ಅಭ್ಯಾಸ ಎಂದು ಬರೆದಿರಬೇಕು ಅಷ್ಟೆ. ಹೆಸರಾಂತ ಕಂಪನಿಯ ಲೋಗೋ ಮರುವಿನ್ಯಾಸಕ್ಕಿಂತ ಸಣ್ಣ ಕ್ಲಿನಿಕ್ಕಿನ ಸಮಯಪಟ್ಟಿ, ಗ್ರಂಥಾಲಯದ ಸೈಟು ಇಂಥವು ಹೆಚ್ಚು ಉಪಯೋಗ, ಕೇಳಿ ಬರುವ ಗಿರಾಕಿಗೆ ತನ್ನ ಕೆಲಸ ಅದರಲ್ಲಿ ಕಾಣುತ್ತದೆ. ಮೂರೋ ನಾಲ್ಕೋ ಸಾಕು. ಪ್ರತಿಯೊಂದಕ್ಕೂ ತೊಂದರೆ ಏನಿತ್ತು, ಯಾವ ಆಯ್ಕೆಗಳನ್ನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಆರೇಳು ಸಾಲು ಬರೆಯಿರಿ. ಸೈಟ್ ಆದರೆ ಚಿತ್ರದ ಜೊತೆಗೆ ತೆರೆದು ನೋಡಬಲ್ಲ ಕೊಂಡಿ ಇರಲಿ. ಹೆಚ್ಚಿನವರು ಅದನ್ನು ಫೋನಿನಲ್ಲೇ ತೆರೆಯುತ್ತಾರೆ, ಹಾಗಾಗಿ 360 ಪಿಕ್ಸೆಲ್ ಅಗಲದಲ್ಲಿ ಮೊದಲು ನೀವೇ ನೋಡಿಕೊಳ್ಳಿ.